ಕಂಬಳಿ ಕೊಟ್ಟು ತಂದ ದುರ್ಬೀನು

ಹುಮನಾಬಾದ್

ಮಂಗೋಲಿಯಾಕ್ಕೆ ಹೋಗಬೇಕಾದವನು ನಾನಲ್ಲ, ನನ್ನ ತಮ್ಮ ಮಲ್ಲಪ್ಪ. ಇದನ್ನು ಮೊದಲೇ ಹೇಳಿಬಿಟ್ಟರೆ ಮನಸ್ಸಿಗೆ ಹಗುರ. ಕುರಿ ಸಾಕುವವರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆ ನಮ್ಮ ದೇಶದ ನಾಲ್ಕಾರು ಕುರಿಗಾರರನ್ನು ಆರಿಸಿ, ಅಲ್ಲಿಯ ಹುಲ್ಲುಬಯಲಿನಲ್ಲಿ ಅಲ್ಲಿಯವರ ಜೊತೆಗೇ ಹತ್ತು ದಿನ ಇರಲು ಕಳಿಸುತ್ತಿತ್ತು. ನಮ್ಮ ಬೀದರ ಕಡೆಯಿಂದ ಮಲ್ಲಪ್ಪನ ಹೆಸರು ಹೋಗಿತ್ತು. ಪಾಸ್‌ಪೋರ್ಟಿನ ಅರ್ಜಿ ತುಂಬಿಸಲು ಅವನ ಜೊತೆ ಹೋದ ನಾನು ಹುಕಿಗೆ ಬಿದ್ದು ನನ್ನದೂ ಒಂದು ಮಾಡಿಸಿದ್ದೆ. ಅರವತ್ತೈದಕ್ಕೆ ಎಲ್ಲಿಗೆ ಹೋಗುವ ಸವಾರಿ ಎಂದು ಹೆಂಡತಿ ನಕ್ಕಿದ್ದಳು.

ಮಳೆಗಾಲದಲ್ಲಿ ಮಲ್ಲಪ್ಪನ ಬಲಮೊಳಕಾಲು ಬಾತುಕೊಂಡಿತು. ನಾನು ಹುಮನಾಬಾದಿನಿಂದ ಬಸ್ಸು ಹಿಡಿದು ಊರಿಗೆ ಹೋದೆ. ನಮ್ಮೂರು ಇಲ್ಲಿಂದ ಬಸವಕಲ್ಯಾಣಕ್ಕೆ ಹೋಗುವ ಹೆದ್ದಾರಿಯಿಂದ ಒಂದಿಷ್ಟು ಒಳಗೆ, ಕಬ್ಬಿನ ಹೊಲಗಳ ನಡುವೆ ಇದೆ. ಅವನು ಬೇವಿನ ಮರದ ಕೆಳಗೆ ಕಾಲು ಚಾಚಿಕೊಂಡು ಕೂತಿದ್ದ.

"ಹೊಸ್ತಿಲಾ ದಾಟಾಕೇ ಅಳತದ ಈ ಕಾಲು. ವಿಮಾನ ಹ್ಯಾಂಗ ಹತ್ತಲಿ? ನೀ ಹೋಗು ಅಣ್ಣಾ. ನಾ ಅವರಿಗಿ ಹೇಳೀನಿ."

"ನಾ ಕುರಿ ಕಾದಾಂವಲ್ಲ ಮಲ್ಲ್ಯಾ."

"ಸೂಜಿ ಚುಚ್ಚೀದಿ ಅಲ್ಲಾ, ಅಷ್ಟು ಸಾಕು," ಎಂದು ನಕ್ಕ. ನಾನು ಬಸವಕಲ್ಯಾಣದ ಪಶು ಆಸ್ಪತ್ರೆಯಲ್ಲಿ ಕಂಪೌಂಡರನಾಗಿದ್ದು ನಿವೃತ್ತನಾದವನು. ಆಮೇಲೆ ನಗು ನಿಲ್ಲಿಸಿ, "ಕಾಲ ಬರೋಬ್ಬರಿ ಇದ್ರೂ ನಾ ಹೋಗತಿದ್ದಿಲ್ಲ ಬಿಡು. ಕುರಿ ಹಿಂದ ಯಾರು ಹೋಗಬೇಕು?" ಎಂದ.

ಈ ಮಾತು ನನಗೆ ಹೊಸದಲ್ಲ. ನನಗೆ ಏಳು, ಅವನಿಗೆ ಆರು ವರ್ಷವಿದ್ದಾಗ ನಮ್ಮ ಅಪ್ಪ ಇದನ್ನೇ ಕೇಳಿದ್ದ. ಇಬ್ಬರನ್ನೂ ಶಾಲೆಗೆ ಕಳಿಸಿದರೆ ಕುರಿಯ ಹಿಂದೆ ಯಾರು? ನನಗೆ ಆಗ ಕೆಮ್ಮಿತ್ತು. ಮಳೆಯಲ್ಲಿ ನೆನೆದರೆ ಈ ಹುಡುಗ ಉಳಿಯುವುದಿಲ್ಲ ಎಂದು ಅವ್ವ ಅತ್ತಳು. ನಾನು ಶಾಲೆಗೆ ಹೋದೆ, ಮಲ್ಲಪ್ಪ ಕುರಿಯ ಹಿಂದೆ ಹೋದ. ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಮತ್ತೆ ಎತ್ತಲಿಲ್ಲ.

ಹೊರಡುವ ದಿನ ಅವನು ತನ್ನ ಕಂಬಳಿ ತಂದು ನನ್ನ ಚೀಲದ ಮೇಲಿಟ್ಟ. ಅವನ ಹೆಂಡತಿ ಕಸ್ತೂರಿ ಬೆಲ್ಲದ ಹೆಂಟೆಯೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸಕ್ಕರೆ ಕಾಯಿಲೆಯವನಿಗೆ ಬೆಲ್ಲವೇ ಎಂದರೆ, "ಇರ್ಲಿ ಬಿಡ್ರಿ ಭಾವಾ, ಪರದೇಶ ಅದ," ಎಂದಳು.

ಬಸ್ಸು ಬರುವಾಗ ಮಲ್ಲಪ್ಪ ಹೇಳಿದ: "ಅಲ್ಲಿ ಮಂದಿಗಿ ಒಂದ್ ಮಾತು ಕೇಳ್ಕೊಂಡು ಬಾ. ಕಾಲ ಹೋದ ಮ್ಯಾಲ ಅವರ ಕುರಿ ಹಿಂದ ಯಾರು ಹೋಗ್ತಾರಂತ."

ದೀಪಾವಳಿ ಕಳೆದ ಮೇಲೆ ಕುರಿ ಮಾರಿಬಿಡುವ ಮಾತನ್ನು ಅವನು ಆಗಲೇ ಒಬ್ಬ ವ್ಯಾಪಾರಿಯೊಡನೆ ಆಡಿದ್ದ. ನನಗೆ ಹೇಳಿರಲಿಲ್ಲ. ಕಸ್ತೂರಿ ಹೇಳಿದ್ದಳು.

ರಾಜಧಾನಿ

ಮಂಗೋಲಿಯಾದ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ನನ್ನ ಕಂಬಳಿಯನ್ನು ಇಬ್ಬರು ಅಧಿಕಾರಿಗಳು ಮೂಸಿ ನೋಡಿದರು. ಮೂರನೆಯವನನ್ನು ಕರೆದು ಅವನಿಗೂ ಮೂಸಲು ಕೊಟ್ಟರು. ನನ್ನ ತಮ್ಮನ ಮೈವಾಸನೆ ಅದು, ಬೆವರು, ಹೊಗೆ, ಕುರಿ ಎಲ್ಲ ಕೂಡಿದ್ದು. ಮೂರನೆಯವನು ಏನೋ ಹೇಳಿ ನಕ್ಕು ನನ್ನ ಹೆಗಲಿಗೆ ಹೊದಿಸಿ ಕಳಿಸಿದ. ಅವನ ಮನೆಯವರೂ ಕುರಿ ಸಾಕುವವರೇ ಇರಬೇಕು.

ನಮ್ಮನ್ನು ಎದುರುಗೊಂಡ ದುಭಾಷಿಯ ಹೆಸರು ಓಯುನ್. ಮೂವತ್ತರ ಹೆಣ್ಣುಮಗಳು. ಮೂರು ವರ್ಷ ಪುಣೆಯಲ್ಲಿ ಓದಿದ್ದಳಂತೆ, ಹಿಂದಿ ಚೆನ್ನಾಗಿ ಬರುತ್ತಿತ್ತು. ನಾನು ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಮಾತಾಡಿದರೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುವಳು. ಅವಳೇ ನನ್ನನ್ನು ಎಲ್ಲರಿಗೂ ಪರಿಚಯಿಸಿದ್ದು: ಇವರು ಅರವತ್ತು ವರ್ಷ ಕುರಿಯ ಹಿಂದೆ ನಡೆದವರು. ಸಂಸ್ಥೆಯ ಕಾಗದದಲ್ಲಿ ಮಲ್ಲಪ್ಪನ ಬಗ್ಗೆ ಬರೆದದ್ದು ಹಾಗೆಯೇ ಉಳಿದಿತ್ತು. ತಿದ್ದಬೇಕಿತ್ತು. ಎಲ್ಲರೂ ನನ್ನತ್ತ ಗೌರವದಿಂದ ತಲೆ ಬಾಗಿಸಿದರು, ನಾನೂ ಬಾಗಿಸಿದೆ. ಒಂದು ಸುಳ್ಳಿಗೆ ಅಷ್ಟು ಸಾಕಾಯಿತು.

ಆ ಊರಿನ ಆಕಾಶ ಬೂದಿಬಣ್ಣಕ್ಕಿತ್ತು. ಕಲ್ಲಿದ್ದಲ ಹೊಗೆಗೆ ನನಗೆ ಕೆಮ್ಮು ಬಂತು. ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಕೆಮ್ಮುತ್ತ ಕೂತಾಗ ಬಹಳ ಹಳೆಯದೊಂದು ನಾಚಿಕೆ ಬಂದು ಪಕ್ಕದಲ್ಲಿ ಕೂತಿತು. ಕಿಟಕಿ ಮುಚ್ಚಿ ಮಲಗಿದೆ.

ಬಾತ್ ಅವರ ಗುಡಾರ

ಮರುದಿನ ಇಡೀ ದಿನ ಜೀಪು ಓಡಿತು. ಮೊದಲು ರಸ್ತೆ ಇತ್ತು, ಆಮೇಲೆ ಗಾಲಿಯ ಗುರುತುಗಳಿದ್ದವು, ಆಮೇಲೆ ಅವೂ ಇರಲಿಲ್ಲ. ರಾಜಸ್ಥಾನದಿಂದ ಬಂದ ಇಬ್ಬರನ್ನು ಒಂದು ಮನೆಯಲ್ಲಿ ಇಳಿಸಿ, ನನ್ನನ್ನೂ ಓಯುನಳನ್ನೂ ಇನ್ನೂ ದೂರದ ಒಂದು ಬಿಳಿ ಗುಡಾರದ ಮುಂದೆ ಇಳಿಸಿದರು. ಕಟ್ಟಿಗೆಯ ಚೌಕಟ್ಟಿನ ಮೇಲೆ ಉಣ್ಣೆಯ ದಪ್ಪ ಹೊದಿಕೆ ಹೊದಿಸಿದ ದುಂಡು ಮನೆ. ಸುತ್ತ ಒಂದೇ ಒಂದು ಮರವಿಲ್ಲ. ಹುಲ್ಲು ಹಳದಿಯಾಗಿತ್ತು, ಗಾಳಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಬಯಲು ಎಂದರೆ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಬಯಲಿನಲ್ಲಿ ಯಾವ ಕಡೆ ನೋಡಿದರೂ ಒಂದು ಗುಡಿಯ ಶಿಖರವೋ, ಮೊಬೈಲಿನ ಟವರೋ, ಸಕ್ಕರೆ ಕಾರ್ಖಾನೆಯ ಹೊಗೆಯೋ ಕಾಣುತ್ತದೆ. ಇಲ್ಲಿ ಕಣ್ಣಿಗೆ ಆನಿಕೊಳ್ಳಲು ಏನೂ ಇರಲಿಲ್ಲ.

ಮನೆಯ ಯಜಮಾನರು ಬಾತ್, ಎಪ್ಪತ್ತು ದಾಟಿದವರು. ಅವರೂ ಅವರ ಹೆಂಡತಿಯೂ ಇಬ್ಬರೇ. ಅಲ್ಲಿ ಎಲ್ಲರ ಮನೆಯ ಬಾಗಿಲೂ ದಕ್ಷಿಣಕ್ಕೇ ಇರುತ್ತದಂತೆ. ನಮ್ಮಲ್ಲಿ ದಕ್ಷಿಣದ ಬಾಗಿಲಿದ್ದರೆ ಬಾಡಿಗೆಗೂ ಯಾರೂ ಬರುವುದಿಲ್ಲ ಎಂದೆ. ಉತ್ತರಕ್ಕಿಟ್ಟರೆ ಚಳಿಗೆ ಸಾಯುತ್ತೀರಿ ಎಂದರು ಬಾತ್. ಆದರೆ ಹೊಸ್ತಿಲು ತುಳಿಯಬಾರದು ಎಂಬುದು ಅವರಲ್ಲೂ ಇತ್ತು. ನಾನು ತುಳಿಯದೆ ದಾಟಿದ್ದನ್ನು ಅವರ ಹೆಂಡತಿ ನೋಡಿ ಮೆಚ್ಚಿದರು. ಒಳಗೆ ಒಲೆಯಲ್ಲಿ ಒಣಗಿದ ಸಗಣಿ ಉರಿಯುತ್ತಿತ್ತು. ನಮ್ಮ ಕುಳ್ಳಿನ ಹೊಗೆಯದೇ ವಾಸನೆ, ಕಣ್ಣು ತುಂಬಿ ಬಂತು. ಹೊಗೆಗೆ ಎಂದು ಓಯುನಳಿಗೆ ಹೇಳಿದೆ. ಬಟ್ಟಲು ತುಂಬ ಕೊಟ್ಟ ಚಹಾವನ್ನು ಆಸೆಯಿಂದ ಗುಟುಕರಿಸಿದರೆ ಬರೀ ಉಪ್ಪು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾಲ್ಕನೆಯ ದಿನಕ್ಕೆ ಅದೇ ರುಚಿಸತೊಡಗಿತು ಎಂಬುದನ್ನೂ ಹೇಳಬೇಕು.

ಬಾತ್ ಅವರ ಕೊರಳಲ್ಲಿ ಸದಾ ಒಂದು ದುರ್ಬೀನು ತೂಗುತ್ತಿತ್ತು. ಅವರು ಕುರಿಯ ಹಿಂದೆ ದಿನವಿಡೀ ನಡೆಯುವವರಲ್ಲ. ಬಾಗಿಲಲ್ಲಿ ನಿಂತು ದುರ್ಬೀನು ಹಚ್ಚಿ ಕುರಿ ಎಲ್ಲಿವೆ ನೋಡುವರು, ಮತ್ತೆ ಒಳಗೆ ಬಂದು ಚಹಾ ಕುಡಿಯುವರು. ಸಂಜೆ ಮೋಟಾರ್ ಸೈಕಲ್ ಹತ್ತಿ ಹೋಗಿ ತಿರುಗಿಸಿಕೊಂಡು ಬರುವರು. ಎರಡನೆಯ ದಿನ ಕುಂಟುವ ಒಂದು ಕುರಿಯನ್ನು ನನ್ನ ಮುಂದೆ ತಂದು ಕೆಡವಿದರು. ಗೊರಸಿನ ಸಂದಿ ಕೊಳೆತಿತ್ತು. ಕೆರೆದು, ತೊಳೆದು, ಪಟ್ಟಿ ಕಟ್ಟಿದೆ. ಆ ಕೆಲಸ ನನಗೆ ಬರುತ್ತದೆ. ಅರವತ್ತು ವರ್ಷದ ಅನುಭವ ಎಂದು ಬಾತ್ ನನ್ನ ಬೆನ್ನು ಚಪ್ಪರಿಸಿದರು. ಸುಳ್ಳು ಇನ್ನೂ ಬಿಗಿಯಾಯಿತು.

ಅವತ್ತೇ ಮಲ್ಲಪ್ಪನ ಪ್ರಶ್ನೆ ಕೇಳಿದೆ. ಓಯುನ್ ಅದನ್ನು ಅವರಿಗೆ ಹೇಳಿದಳು. ಬಾತ್ ಹೆಂಡತಿಯ ಮುಖ ನೋಡಿದರು, ಒಲೆಗೆ ಇನ್ನೊಂದು ತುಂಡು ಸಗಣಿ ಹಾಕಿದರು. ಕೇಳಬಾರದ್ದನ್ನು ಕೇಳಿದೆನೇನೋ ಅನಿಸಿತು.

ಕುದುರೆಗಳ ಹಿಂದೆ

ಆರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಓಯುನ್ ಮಲಗಿದ್ದಳು. ಬಾತ್ ಮೋಟಾರ್ ಸೈಕಲ್ ಬಿಚ್ಚಿಕೊಂಡು ಕೂತಿದ್ದರು. ನನಗೆ ಹುರುಪು ಬಂತು. ಕುರಿಗಾರನೆಂದು ಬಂದವನು ಒಂದು ದಿನವಾದರೂ ಕುರಿಯ ಹಿಂದೆ ನಡೆಯಬೇಡವೇ? ಕಂಬಳಿ ಹೊದ್ದು, ಎದುರಿನ ದಿಬ್ಬದ ಮೇಲೆ ಮೇಯುತ್ತಿದ್ದ ಕುರಿಗಳ ಕಡೆ ನಡೆದೆ. ಬಾತ್ ಕೈ ಬೀಸಿದರು.

ಕುರಿಗಳು ದಿಬ್ಬ ದಾಟಿದವು, ನಾನೂ ದಾಟಿದೆ. ಒಂದು ತಗ್ಗಿನಲ್ಲಿ ಒಂದಕ್ಕೆ ಕೂತು ಎದ್ದು ಬರುವಷ್ಟರಲ್ಲಿ ಕುರಿಗಳಿಲ್ಲ. ಮುಂದಿನ ದಿಬ್ಬ ಹತ್ತಿ ನೋಡಿದರೂ ಇಲ್ಲ. ಹಿಂದಕ್ಕೆ ತಿರುಗಿದರೆ ಮೂರು ದಿಬ್ಬಗಳು, ಮೂರೂ ಒಂದೇ ಥರ. ನಾನು ಬಂದದ್ದು ಯಾವುದರ ಮೇಲಿಂದ? ಕೂಗಿದೆ, ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತಂದು ತುರುಕಿತು. ಎಷ್ಟೋ ಹೊತ್ತು ಅಲ್ಲಿಂದಿಲ್ಲಿಗೆ ಅಲೆದೆ. ಹೊತ್ತು ಇಳಿಯತೊಡಗಿತು.

ಆಗ ಕುದುರೆಗಳು ಕಂಡವು. ಹತ್ತು ಹನ್ನೆರಡು ಇದ್ದವು. ಒಂದರ ಹಿಂದೆ ಒಂದು, ತಲೆ ತಗ್ಗಿಸಿಕೊಂಡು, ಅವಸರವಿಲ್ಲದೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿರುವ ಹಾಗೆ ನಡೆಯುತ್ತಿದ್ದವು. ಸಂಜೆ ನಮ್ಮೂರಿನ ಎಮ್ಮೆಗಳು ಕೆರೆಯಿಂದ ಹೀಗೆಯೇ ಬರುತ್ತವೆ. ನನಗೆ ಹೋದ ಜೀವ ಬಂತು. ಸಂಜೆಯ ಹೊತ್ತಿಗೆ ನಡೆಯುವ ದನ ಮನೆಗಲ್ಲದೆ ಎಲ್ಲಿಗೆ ಹೋದೀತು? ನಮ್ಮ ಕಡೆಯ ಸಣ್ಣ ಮಕ್ಕಳೂ ದಾರಿ ತಪ್ಪಿದರೆ ದನದ ಬಾಲ ಹಿಡಿದು ಊರು ಸೇರುತ್ತಾರೆ. ನಾನು ಎರಡನೆಯ ಯೋಚನೆ ಮಾಡದೆ ಅವುಗಳ ಹಿಂದೆ ಬಿದ್ದೆ.

ಒಂದು ತಾಸಿನ ಮೇಲೆ ನಡೆದಿರಬೇಕು. ಕಾಲು ಸೋತವು, ಕೈ ನಡುಗತೊಡಗಿತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದಿದ್ದೆ, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಕಿಸೆಯಲ್ಲಿ ಕಸ್ತೂರಿಯ ಬೆಲ್ಲ ಸಿಕ್ಕಿತು. ಅರ್ಧ ಕಚ್ಚಿ ತಿಂದೆ, ಇನ್ನರ್ಧ ತಿಂದೆ. ಆ ದಿಬ್ಬ ದಾಟಿದರೆ ಹೊಗೆ ಕಂಡೀತು, ಈ ದಿಬ್ಬ ದಾಟಿದರೆ ನಾಯಿ ಬೊಗಳೀತು ಎಂದುಕೊಳ್ಳುತ್ತ ಹೋದೆ. ಕೊನೆಗೆ ಕುದುರೆಗಳು ಒಂದು ಬಿಳಿಯ ಉಪ್ಪುನೆಲಕ್ಕೆ ಬಂದು ನಿಂತವು, ನೆಲ ನೆಕ್ಕತೊಡಗಿದವು. ಅಷ್ಟೆ. ಅವು ಬಂದದ್ದು ಅದಕ್ಕೇ. ಒಂದು ಕುದುರೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿತು.

ಅಲ್ಲೇ ಕುಸಿದು ಕೂತೆ. ಸಾಯುತ್ತೇನೆ ಎಂದು ನನಗೆ ಖಚಿತವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕುರಿಗಾರನೆಂದು ಸುಳ್ಳು ಹೇಳಿ ಬಂದವನು ಕುರಿಗಳನ್ನೇ ಕಳೆದುಕೊಂಡು ಕುದುರೆಗಳ ಹಿಂದೆ ಹೋಗಿ ಸತ್ತ ಎಂದು ಮಲ್ಲಪ್ಪನಿಗೆ ಯಾರಾದರೂ ಹೇಳುತ್ತಾರೆ. ಆಗ ಆ ಕೆಮ್ಮಿನ ನೆನಪು ಬಂತು. ಈಗ ಬರೆದೇಬಿಡುತ್ತೇನೆ. ಏಳನೆಯ ವಯಸ್ಸಿನಲ್ಲಿ ನನಗೆ ಕೆಮ್ಮು ಬಂದದ್ದು ನಿಜ, ಎಂಟೇ ದಿನದಲ್ಲಿ ವಾಸಿಯಾದದ್ದೂ ನಿಜ. ಆಮೇಲೆ ಎರಡು ತಿಂಗಳು ಕೆಮ್ಮಿದ್ದೆಲ್ಲ ಬೇಕೆಂದೇ ಕೆಮ್ಮಿದ್ದು. ಅಪ್ಪ ಎದುರಿಗೆ ಬಂದಾಗ ಜೋರಾಗಿ, ಅವ್ವ ನೋಡುವಾಗ ಇನ್ನೂ ಜೋರಾಗಿ. ಕುರಿಯ ಹಿಂದೆ ಹೋಗುವುದೆಂದರೆ ನನಗೆ ಹೆದರಿಕೆಯಿತ್ತು. ಆ ಕೆಮ್ಮು ನನಗೆ ಓದು ಕೊಟ್ಟಿತು, ನೌಕರಿ ಕೊಟ್ಟಿತು, ಹುಮನಾಬಾದಿನಲ್ಲಿ ಮನೆ ಕೊಟ್ಟಿತು. ನನ್ನ ತಮ್ಮನಿಗೆ ಆ ಮೊಳಕಾಲು ಕೊಟ್ಟಿತು. ಈ ಮಾತನ್ನು ಅವನಿಗೆ ಹೇಳದೆ ಸಾಯುತ್ತೇನಲ್ಲ ಎಂದು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತೆ. ಅದರಲ್ಲಿ ಅವನ ವಾಸನೆ ಇನ್ನೂ ಇತ್ತು.

ಸೂರ್ಯ ಮುಳುಗಿ ಬೆಳಕು ಇನ್ನೂ ಇರುವಾಗಲೇ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಬಾತ್ ಬಂದರು. ದಿಬ್ಬದಿಂದ ದಿಬ್ಬಕ್ಕೆ ಹತ್ತಿ ದುರ್ಬೀನು ಹಚ್ಚಿ ನೋಡುತ್ತ ಬಂದಿದ್ದರು. ತಮ್ಮ ಕುದುರೆಗಳ ಪಕ್ಕದಲ್ಲಿ ಒಂದು ಕಪ್ಪು ಗಂಟು ಕಂಡಿತಂತೆ. ಬೈಯುತ್ತಾರೆ ಎಂದುಕೊಂಡೆ. ಕಂಬಳಿಯ ಮೇಲೆ ಕೂತ ಹುಲ್ಲು ಝಾಡಿಸಿ, ಗಾಡಿಯ ಹಿಂದೆ ಕೂರಿಸಿಕೊಂಡರು. ಅವರ ಸೊಂಟ ಹಿಡಿದುಕೊಂಡು ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದೆ.

ಗುಡಾರದಲ್ಲಿ ಓಯುನ್ ಅಳುತ್ತಿದ್ದಳು. ನನ್ನ ಕೈಗೆ ಬಿಸಿ ಉಪ್ಪುಚಹಾ ಬಂತು. ಕುದುರೆಗಳ ಹಿಂದೆ ಯಾಕೆ ಹೋದಿರಿ ಎಂದು ಬಾತ್ ಅವಳಿಂದ ಕೇಳಿಸಿದರು.

"ಸಂಜೆಯಾಗಿತ್ತಲ್ಲ, ಮನೆಗೆ ಹೋಗುತ್ತವೆ ಎಂದುಕೊಂಡೆ."

ಬಾತ್ ಬಹಳ ಹೊತ್ತು ನಕ್ಕರು. ಆ ಕುದುರೆಗಳಿಗೆ ಮನೆಯೇ ಇಲ್ಲ, ತಿಂಗಳುಗಟ್ಟಲೆ ಬರುವುದಿಲ್ಲ, ಬೇಕಾದಾಗ ನಾವೇ ಹುಡುಕಿಕೊಂಡು ಹೋಗುತ್ತೇವೆ ಎಂದರು. ಆಗ ನಾನು ಓಯುನಳಿಗೆ ನಿಜ ಹೇಳಿದೆ. ನಾನು ಕುರಿಗಾರನಲ್ಲ, ಕುರಿಗಾರ ನನ್ನ ತಮ್ಮ, ಆ ಪ್ರಶ್ನೆಯೂ ಅವನದೇ. ಅವಳು ಅದನ್ನು ನಿಧಾನವಾಗಿ ಅವರಿಗೆ ಹೇಳಿದಳು. ಬಾತ್ ನಗು ನಿಲ್ಲಿಸಿದರು.

"ಕಾಲು ಹೋದರೆ ನನ್ನ ಹಾಗೆ ಕಣ್ಣಿನಿಂದ ಕಾಯಲಿ. ಕಣ್ಣೂ ಹೋದರೆ ನಾನು ಮಾರುತ್ತೇನೆ, ಅವರೂ ಮಾರಲಿ. ಅದಾದ ಮೇಲೆ ಹೇಗಿರುತ್ತದೋ ನನಗೆ ಗೊತ್ತಿಲ್ಲ," ಎಂದರು.

ಹೊರಡುವ ದಿನ ಅವರು ಪೆಟ್ಟಿಗೆಯಿಂದ ಇನ್ನೊಂದು ಹಳೆಯ ದುರ್ಬೀನು ತೆಗೆದು ನನ್ನ ಕೊರಳಿಗೆ ಹಾಕಿದರು. ಎಡಗಡೆಯ ಗಾಜು ಮಂಜಾಗಿತ್ತು. ನಾನು ಕಂಬಳಿ ಕೊಟ್ಟೆ. ಅವರ ಹೆಂಡತಿ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಬಂದು, ದಾರಿ ಸುಖವಾಗಿರಲಿ ಎಂದು ಸೌಟಿನಿಂದ ಹಾಲು ಚಿಮುಕಿಸಿದರು. ಹಿಂಬದಿಯ ಗಾಜಿನ ಮೇಲೆ ಆ ಹನಿಗಳು ರಾಜಧಾನಿಯವರೆಗೂ ಒಣಗಿ ಅಂಟಿಕೊಂಡಿದ್ದವು.

ನಮ್ಮೂರು

ಹೈದರಾಬಾದಿನಿಂದ ಬಸವಕಲ್ಯಾಣದ ಬಸ್ಸು ಹಿಡಿದೆ. ಹುಮನಾಬಾದ್ ಬಂದಾಗ ಇಳಿಯಬೇಕಿತ್ತು. ಇಳಿಯಲಿಲ್ಲ, ಊರಿಗೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಫೋನು ಮಾಡಿ ಮುಂದೆ ಹೋದೆ. ಕಂಡಕ್ಟರನ ಬೈಗುಳ, ಮುಂದಿನ ಸೀಟಿನವಳ ಕೋಳಿ, ಎದುರಿಗೆ ಬರುವ ಲಾರಿಗಳ ಹಾರ್ನು, ಎಲ್ಲವೂ ನನ್ನದು ಅನಿಸುತ್ತಿತ್ತು. ಬದುಕಿ ಬಂದೆನಲ್ಲ ಎಂಬ ಋಣಭಾವವಿತ್ತು. ಆದರೆ ಸಂತೋಷ ಎನ್ನುವುದಕ್ಕೆ ಆಗಲಿಲ್ಲ. ಹೇಳಬೇಕಾದ ಮಾತೊಂದು ಇನ್ನೂ ಉಳಿದಿತ್ತು.

ನಮ್ಮೂರ ಸ್ಟಾಪಿನಲ್ಲಿ ಇಳಿದರೆ ಮಲ್ಲಪ್ಪ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ. ಕೋಲು ಊರಿಕೊಂಡು ಎದ್ದ.

"ಈ ಬಸ್ಸಿಗೇ ಬರ್ತೀನಂತ ನಿನಗ ಹ್ಯಾಂಗ ಗೊತ್ತಾಯ್ತು?"

"ಗೊತ್ತಿಲ್ಲ. ಸುಮ್ನ ಕುಂತಿದ್ದೆ."

ಸುಮ್ಮನೆ ಕೂತದ್ದಲ್ಲ ಎಂದು ಕಸ್ತೂರಿಯಿಂದ ಗೊತ್ತಾಯಿತು. "ನಿಮ್ಮ ಫೋನು ಹತ್ತಲಾರದಕ್ಕ ಪರೇಶಾನ್ ಆಗಿದ್ರು ಭಾವಾ. ದಿನಾ ಸಂಜಿಕ ಆ ಕಾಲ ಎಳ್ಕೋತ ರೋಡಿಗಿ ಹೋಗಿ ಕುಂದರತಿದ್ರು. ಕುರಿ ಹಿಂದ ನಾನೇ ಹೋಗೀನ್ರಿ ಇಷ್ಟು ದಿನ."

ಅವಳಿಗೆ ಕುದುರೆಗಳ ಕಥೆ ಹೇಳಿದೆ. ನಗಲಿಲ್ಲ. "ದನ ಮನಿ ನೆನಸ್ಕೊಂಡು ಬರಂಗಿಲ್ರಿ. ಹಿಂಡಿ ಕಲಸಿ ಬಾಗಲದಾಗ ನಿಂತಿರ್ತೀವಿ, ಅದಕ್ಕ ಬರ್ತಾವ," ಎಂದು ಒಳಗೆ ಹೋದಳು.

ಬೇವಿನ ಕೆಳಗೆ ನಾವಿಬ್ಬರೇ ಉಳಿದೆವು. ಮಲ್ಲಪ್ಪ ನನ್ನ ಚೀಲ ನೋಡಿದ.

"ಕಂಬಳಿ ಎಲ್ಲದ?"

"ಕೊಟ್ಟು ಬಂದೆ."

"ನನ್ನ ಕುರಿ ಉಣ್ಣಿ ಅದು."

"ಅದಕ್ಕೇ ಇದು ಬಂದದ," ಎಂದು ದುರ್ಬೀನು ಅವನ ಕೈಗಿಟ್ಟೆ. ಮೊದಲು ತಿರುವು ಮುರುವಾಗಿ ಹಿಡಿದು, ನನ್ನ ಮುಖ ನೋಡಿ, "ಎಷ್ಟ್ ದೂರ ಹೋಗೀದಿ," ಎಂದ. ಸರಿಯಾಗಿ ಹಿಡಿದುಕೊಟ್ಟೆ. ಬಾತ್ ಹೇಳಿದ್ದನ್ನು ಹೇಳಿದೆ. ಅವನು ದೂರದ ಕಾಲುವೆಯ ದಂಡೆಯನ್ನು ನೋಡುತ್ತಿದ್ದ. ಅವನ ಕಣ್ಣು ಗಾಜಿನ ಹಿಂದಿದ್ದುದು ನನಗೆ ಅನುಕೂಲವಾಯಿತು.

"ಮಲ್ಲ್ಯಾ, ಸಣ್ಣಾಂವ ಇದ್ದಾಗ ನಾ ಕೆಮ್ಮತಿದ್ದೆ, ನೆನಪದ?"

"ಅದಕ್ಕೇನೀಗ?"

"ಅದು ಖರೆ ಕೆಮ್ಮಲ್ಲ. ಎಂಟ್ ದಿನದಾಗ ಕಡಿಮಿ ಆಗಿತ್ತು. ಆಮ್ಯಾಲಿಂದೆಲ್ಲಾ ಬೇಕಂತ ಕೆಮ್ಮಿದ್ದು."

ಅವನು ದುರ್ಬೀನು ಇಳಿಸಲಿಲ್ಲ.

"ಗೊತ್ತದ ನನಗ."

"ಹ್ಯಾಂಗ?"

"ಒಂದೇ ಕಂಬಳ್ಯಾಗ ಮಲಗತಿದ್ದೆವಲ್ಲ ಅಣ್ಣಾ. ನಿದ್ದಿಯಾಗ ನೀ ಒಂದಿನಾನೂ ಕೆಮ್ಮಿದ್ದಿಲ್ಲ."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನಿನಗ ಬಡೀತಿದ್ದ."

ಆರು ವರ್ಷದ ಹುಡುಗನಿಗೆ ಹೊಳೆದ ಕಾರಣ ಅದು. ಅದನ್ನೇ ಅವನು ಇಷ್ಟು ವರ್ಷ ಇಟ್ಟುಕೊಂಡಿದ್ದ, ಬೇರೆ ಕಾರಣ ಹುಡುಕಲು ಹೋಗಿರಲಿಲ್ಲ. ನಾನು ಅವನ ಆ ಬಾತ ಮೊಳಕಾಲಿನ ಮೇಲೆ ಕೈ ಇಟ್ಟೆ. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ, ನನಗೂ ಬರಲಿಲ್ಲ. "ನಾಳಿಂದ ಕುರಿ ಹಿಂದ ನಾ ಹೋಗ್ತೀನಿ," ಎಂದೆ.

"ನಿನ್ನ ಕೈಲಿ ಆಗಂಗಿಲ್ಲ."

"ನೀ ನೋಡ್ಕೋತ ಕುಂದರು."

ಇದು ಬಹಳ ದಿನ ನಡೆಯುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದೀಪಾವಳಿ ದೂರವಿರಲಿಲ್ಲ. ವ್ಯಾಪಾರಿಗೆ ಕೊಟ್ಟ ಮಾತನ್ನು ಅವನು ಹಿಂತೆಗೆದುಕೊಂಡಿರಲಿಲ್ಲ, ನಾನೂ ಹಿಂತೆಗೆದುಕೋ ಎಂದು ಕೇಳಲಿಲ್ಲ.

ಮರುದಿನ ಅವನ ಕೋಲು ಹಿಡಿದು ಕುರಿಗಳ ಹಿಂದೆ ಹೊರಟೆ. ಅವು ನನ್ನ ಮಾತು ಕೇಳಲಿಲ್ಲ, ಕಾಲುವೆ ದಾಟಿ ತಮಗೆ ಬೇಕಾದ ಕಡೆ ಹೋದವು, ನಾನೂ ಹೋದೆ. ಹೊತ್ತು ಇಳಿಯುವಾಗ ಸುತ್ತ ಆಳೆತ್ತರದ ಕಬ್ಬು, ಯಾವ ಬದುವಿನಿಂದ ಬಂದೆ ಎಂದು ತಿಳಿಯದಾಯಿತು. ಅಷ್ಟರಲ್ಲಿ ಮುಂದಿನ ಟಗರು ತಲೆ ತಗ್ಗಿಸಿ ಒಂದು ಬದುವಿಗೆ ತಿರುಗಿತು, ಉಳಿದವು ಅದರ ಹಿಂದೆ ಸಾಲಾದವು. ಹೋಗಲೋ ಬೇಡವೋ ಎಂದು ಒಂದು ಗಳಿಗೆ ನಿಂತು, ಕೊನೆಯ ಕುರಿಯ ಹಿಂದೆ ಹೆಜ್ಜೆ ಹಾಕಿದೆ. ಕಬ್ಬು ಮುಗಿಯಿತು, ಬೇವಿನ ಮರ ಕಂಡಿತು. ಬಾಗಿಲಲ್ಲಿ ಕಸ್ತೂರಿ ಹಿಂಡಿಯ ಬುಟ್ಟಿ ಹಿಡಿದು ನಿಂತಿದ್ದಳು.

ಬೇವಿನ ಸುತ್ತಲಿನ ಎತ್ತರದ ಕಟ್ಟೆಯ ಮೇಲೆ ಕೂತಿದ್ದ ಮಲ್ಲಪ್ಪ ದುರ್ಬೀನನ್ನು ಎದೆಯ ಮೇಲೆ ಇಳಿಸಿಕೊಂಡ.

"ಎರಡು ಕಡಿ ದಾರಿ ತಪ್ಪೀದಿ. ಕುರಿ ತಿರುಗಿಸ್ಯಾವ. ನಾ ನೋಡಾಕತ್ತಿದ್ದೆ," ಎಂದ. ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಬಿಟ್ಟು, "ನಾಳಿ ಜರಾ ಜಲ್ದಿ ಬಾ," ಎಂದ.